ಅರಗಿನ ತಟ್ಟೆಯ ಸುಖದುಃಖ

ನಮ್ಮ ಭಾಷೆಯಲ್ಲಿ ತಟ್ಟೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಊಟದ ತಟ್ಟೆ, ಇನ್ನೊಂದು ಹಾಡುವ ತಟ್ಟೆ. ಮೊದಲನೆಯದು ಎಲ್ಲರ ಮನೆಯಲ್ಲಿಯೂ ಇರುವಂಥದು. ಸಂಸಾರಕ್ಕೆ ತಕ್ಕಷ್ಟು ಇದ್ದರೆ ಸಾಕು. ಎರಡನೆಯದು ಹಾಗಲ್ಲ. ಅದು ಕೆಲವರ ಮನೆಯಲ್ಲಿ ಮಾತ್ರ ಇರುತ್ತದೆ. ಇದ್ದ ಕಡೆ ಸಂಸಾರಕ್ಕೆ ತಕ್ಕಷ್ಟೇ ಇರುವುದೆಂಬುದು ಎಂದಿಗೂ ಇಲ್ಲ. ಐದು ಇದ್ದದ್ದು ಐವತ್ತಾಗುತ್ತದೆ, ಐವತ್ತು ಐನೂರಾಗುತ್ತದೆ. ‘ಈ ಮನೆಯಲ್ಲಿ ಇನ್ನು ಆ ತಟ್ಟೆಗಳಿರಬೇಕು, ಇಲ್ಲವೆ ನಾನಿರಬೇಕು’ ಎಂದು ಮನೆಯೊಡತಿ ಹೇಳುವ ತನಕ ಆ ಬೆಳವಣಿಗೆ ನಿಲ್ಲುವುದಿಲ್ಲ. ಹೇಳಿದ ಮೇಲೆ ನಿಂತದ್ದನ್ನೂ ನಾನು ಕಂಡಿಲ್ಲ.

ಈ ಸಲ ಈ ಹಾಡುವ ತಟ್ಟೆಗಳ ವಿಚಾರ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಮಾತುಂಗ, ವಡಾಲ, ಸಯನ್ನುಗಳ ಕಡೆ ನಮ್ಮವರು ಎರಡು ಮೂರು ತಲೆಮಾರು ಬಾಳಿದ ಹಳೆಯ ಕಟ್ಟಡಗಳನ್ನು ಒಂದೊಂದಾಗಿ ಕೆಡವಿ ಗೋಪುರದಂಥ ಹೊಸ ಮನೆಗಳನ್ನು ಕಟ್ಟುತ್ತಿದ್ದಾರೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಏನೇನೋ ಇಳಿಯುತ್ತದೆ. ಹಿತ್ತಾಳೆಯ ಹಂಡೆ ಇಳಿದರೆ ಅದಕ್ಕೆ ಬೆಲೆಯುಂಟು. ಹಳೆಯ ಕಂಬಳಿ ಇಳಿದರೆ ಕೆಲಸದವಳಿಗೆ ಉಪಯೋಗವುಂಟು. ಕಾಗದದ ಚೀಲದಲ್ಲಿ ಕುಳಿತ ಕಪ್ಪು ತಟ್ಟೆಗಳ ಕಟ್ಟು ಇಳಿದಾಗ ಮಾತ್ರ ಎಲ್ಲರೂ ಮುಖ ಮುಖ ನೋಡುತ್ತಾರೆ. ಅಜ್ಜ ತಂದದ್ದು ಎಂದು ಎಸೆಯಲು ಮನಸ್ಸು ಬರುವುದಿಲ್ಲ, ಕೇಳೋಣವೆಂದರೆ ಯಂತ್ರವಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ವಿಚಿತ್ರವೂ ನಡೆಯುತ್ತಿದೆ. ಹಿರಿಯರು ಅಟ್ಟದಿಂದ ಇಳಿಸಿದ್ದನ್ನು ಹುಡುಗರು ಅಂಗಡಿಯಲ್ಲಿ ಸಾವಿರಾರು ರೂಪಾಯಿ ತೆತ್ತು ಹೊಸದಾಗಿ ಕೊಳ್ಳುತ್ತಿದ್ದಾರೆ. ಅಮೆರಿಕದಲ್ಲಿ ೨೦೨೨ರಲ್ಲಿ ಮಾರಾಟವಾದ ತಟ್ಟೆಗಳ ಸಂಖ್ಯೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು; ೧೯೮೭ರ ತರುವಾಯ ಹಾಗಾದದ್ದು ಅದೇ ಮೊದಲು. ಸತ್ತಿತೆಂದು ತಿಥಿ ಮಾಡಿ ಮುಗಿಸಿದ ವಸ್ತು ಎದ್ದು ಬಂದು ಬಾಗಿಲು ತಟ್ಟಿದಂತಾಯಿತು. ಆದುದರಿಂದ ಇದರ ಸುಖವೇನು, ದುಃಖವೇನು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲು ಈ ತಟ್ಟೆ ಎಂದರೆ ಏನು ಎಂಬುದನ್ನು ತಿಳಿಯೋಣ. ಅರಗಿನ ಮನೆಯ ಕಥೆ ಗೊತ್ತಿಲ್ಲದ ಕನ್ನಡಿಗರಿಲ್ಲವಷ್ಟೆ. ಪಾಂಡವರನ್ನು ಸುಡಲೆಂದು ದುರ್ಯೋಧನ ಕಟ್ಟಿಸಿದ ಮನೆಯ ಆ ಅರಗೇ ನಮ್ಮ ಅಜ್ಜಂದಿರ ಕಾಲದ ಹಾಡಿನ ತಟ್ಟೆಗೂ ಜೀವಾಳ. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಯ ಮೇಲೆ ಒಂದು ಸಣ್ಣ ಹುಳು ಕುಳಿತು ರಸ ಹೀರಿ, ತನ್ನ ಸುತ್ತ ಅಂಟಿನ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡನ್ನು ಕೆರೆದು ತೆಗೆದು ಶುದ್ಧಿ ಮಾಡಿದರೆ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಇದನ್ನು ಬಹುಕಾಲದಿಂದಲೂ ಬೆಳೆಯುತ್ತ ಬಂದಿದ್ದಾರೆ. ಆ ಅರಗಿಗೆ ಸ್ಲೇಟಿನ ಪುಡಿ ಇಲ್ಲವೆ ಸುಣ್ಣಕಲ್ಲಿನ ಪುಡಿ, ಮಸಿ, ಹತ್ತಿಯ ನವಿರಾದ ಎಳೆ ಇವನ್ನು ಬೆರೆಸಿ ಕಾಯಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಲಂಡನ್ನಿನ ದೊರೆಸಾನಿಯ ಹಾಡಾಗಲಿ, ನ್ಯೂಯಾರ್ಕಿನ ಬ್ಯಾಂಡಾಗಲಿ, ಅದನ್ನು ಹೊತ್ತ ಅಂಟಿನಲ್ಲಿ ಬಹುಪಾಲು ನಮ್ಮ ಮುತ್ತುಗದ ಮರದ ಹುಳುವಿನದೇ.

ಅರಗಿನ ತಟ್ಟೆ ಒಂದು ನಿಮಿಷಕ್ಕೆ ೭೮ ಸುತ್ತು ತಿರುಗುತ್ತದೆ. ಹತ್ತು ಅಂಗುಲದ ತಟ್ಟೆಯಾದರೆ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್.ಪಿ. ತಟ್ಟೆಯನ್ನು ತಂದಿತು. ಅದು ನಿಮಿಷಕ್ಕೆ ೩೩ ಚಿಲ್ಲರೆ ಸುತ್ತು ತಿರುಗಿ, ಒಂದು ಮುಖದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡುತ್ತದೆ. ಮರುವರ್ಷ ೧೯೪೯ರಲ್ಲಿ ೪೫ ಸುತ್ತಿನ ಚಿಕ್ಕ ತಟ್ಟೆ ಬಂದಿತು. ಪಶ್ಚಿಮದ ದೇಶಗಳು ಅರಗನ್ನು ಕೈಬಿಟ್ಟ ಮೇಲೂ ನಮ್ಮಲ್ಲಿ ಅದು ಬಹಳ ದಿನ ಉಳಿಯಿತು. ಬೀಟಲ್ಸ್ ಎಂಬ ಇಂಗ್ಲಿಷ್ ಗಾಯಕರ ೧೯೬೦ರ ದಶಕದ ಹಾಡುಗಳು ಸಹ ನಮ್ಮ ದೇಶದಲ್ಲಿ ೭೮ರ ತಟ್ಟೆಯಾಗಿ ಅಚ್ಚಾದವು. ಈಗ ಹೊರದೇಶದ ಸಂಗ್ರಾಹಕರು ಅವಕ್ಕಾಗಿ ನಮ್ಮ ಊರುಗಳನ್ನು ಜಾಲಾಡುತ್ತಾರೆ.

ತಟ್ಟೆ ನಮ್ಮ ದೇಶಕ್ಕೆ ಬಂದ ಕಥೆ ಇನ್ನೂ ಸೊಗಸು. ಎಡಿಸನ್ ಮಹಾಶಯ ೧೮೭೭ರಲ್ಲಿ ಧ್ವನಿಯನ್ನು ಉರುಳೆಯ ಮೇಲೆ ಹಿಡಿದ. ಎಮಿಲ್ ಬರ್ಲಿನರ್ ಹತ್ತು ವರ್ಷದ ತರುವಾಯ ಅದನ್ನು ಚಪ್ಪಟೆಯ ತಟ್ಟೆಗೆ ಇಳಿಸಿದ. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗ್ರಾಮಫೋನ್ ಕಂಪೆನಿಯ ಪರವಾಗಿ ಕಲ್ಕತ್ತೆಗೆ ಬಂದು ನಮ್ಮ ಹಾಡುಗಾರರನ್ನು ಹುಡುಕಿದ. ಆಗ ದೊರೆತವರಲ್ಲಿ ಮುಖ್ಯಳು ಗೌಹರ್ ಜಾನ್. ಅಂದು ಮೈಕು ಇರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಾಗಿತ್ತು. ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಎಂಬುದು ತಿಳಿಯಲೆಂದು ಹಾಡಿನ ಕೊನೆಯಲ್ಲಿ ಹಾಡಿದವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಗೌಹರ್ ಜಾನಳ ತಟ್ಟೆಗಳಲ್ಲಿ ಆ ಕೂಗು ಇಂದಿಗೂ ಕೇಳುತ್ತದೆ. ರಾಗದ ಗುಂಗಿನಲ್ಲಿರುವವರು ಬೆಚ್ಚಿ ಬೀಳುವಷ್ಟು ಜೋರಾಗಿ ಕೇಳುತ್ತದೆ.

ಈ ಹೆಣ್ಣುಮಗಳಿಗೂ ನಮಗೂ ಒಂದು ನಂಟುಂಟು. ದೇಶವೆಲ್ಲ ಹೆಸರಾಗಿ, ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಂಡ ಮೇಲೆ ಅವಳಿಗೆ ಕೊನೆಗಾಲದಲ್ಲಿ ಆಶ್ರಯ ದೊರೆತದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲಿ. ೧೯೨೮ರಲ್ಲಿ ಆಸ್ಥಾನಕ್ಕೆ ಬಂದವಳು ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಕಲ್ಕತ್ತೆಯಲ್ಲಿ ಹಾಡಿ, ಜರ್ಮನಿಯಲ್ಲಿ ಅಚ್ಚಾಗಿ, ಮೈಸೂರಿನ ಮಣ್ಣು ಸೇರಿದ ದನಿ ಮುಂಬಯಿಯ ಒಂದು ಸಣ್ಣ ಕೋಣೆಯಲ್ಲಿ ಕೇಳಿಬರುವುದೆಂದರೆ ಅದೇನು ಅಲ್ಪಸುಖವೆ?

ಇದು ಸಂಗ್ರಾಹಕನ ಮೊದಲ ಸುಖ: ಹೋದವರ ದನಿ ಹೋಗದೆ ಉಳಿದಿರುವುದು. ಗಂಗೂಬಾಯಿ ಹಾನಗಲ್ಲರನ್ನು ನಾವೆಲ್ಲ ಕೇಳಿದ್ದೇವೆ. ಗಂಡುದನಿಯೇ ಎನಿಸುವ ಆ ತುಂಬಿದ ಕಂಠ ಯಾರಿಗೆ ಮರೆಯುತ್ತದೆ? ಆದರೆ ೧೯೩೦ರ ದಶಕದ ಅವರ ಮೊದಮೊದಲ ತಟ್ಟೆಗಳನ್ನು ಹಾಕಿ ನೋಡಿ. ಅಲ್ಲಿ ಹೆಸರೂ ಬೇರೆ, ಗಾಂಧಾರಿ ಎಂದು. ದನಿಯೂ ಬೇರೆ: ತೆಳುವಾದ, ಎತ್ತರದ, ಹದಿಹರೆಯದ ಹೆಣ್ಣಿನ ದನಿ. ಗಂಟಲಿನ ಚಿಕಿತ್ಸೆಯ ತರುವಾಯ ಆ ದನಿ ಇಳಿದು ನಾವು ಬಲ್ಲ ದನಿಯಾಯಿತು. ೨೦೦೯ರಲ್ಲಿ ತೀರಿಕೊಂಡ ಆ ತಾಯಿಯ ಮೊದಲ ದನಿಗೆ ಆ ತಟ್ಟೆಗಳನ್ನು ಬಿಟ್ಟು ಬೇರೆ ಸಾಕ್ಷಿ ಎಲ್ಲಿ?

ಭೀಮಸೇನ ಜೋಶಿಯವರ ಕಥೆಯನ್ನು ಪುಣೆಯ ನಮ್ಮ ಓದುಗರಿಗೆ ನಾನು ಹೇಳಬೇಕಾದದ್ದಿಲ್ಲ. ಆದರೂ ತಟ್ಟೆಯ ಮಾತು ಬಂದಾಗ ಅದನ್ನು ಬಿಡುವಂತಿಲ್ಲ. ಗದುಗಿನಲ್ಲಿ ಒಂದು ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿದ ಹುಡುಗ, ಹಾಡಿದರೆ ಹೀಗೆ ಹಾಡಬೇಕೆಂದು ನಿಶ್ಚಯಿಸಿ, ೧೯೩೩ರಲ್ಲಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟ. ಗ್ವಾಲಿಯರು, ಜಲಂಧರವೆಂದು ಉತ್ತರವನ್ನೆಲ್ಲ ಸುತ್ತಿ ಕೊನೆಗೆ ಗುರುವನ್ನು ಕಂಡದ್ದು ಊರ ಬಳಿಯ ಕುಂದಗೋಳದಲ್ಲಿ. ಅವರೇ ಸವಾಯಿ ಗಂಧರ್ವರು. ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಒಂದು ತಟ್ಟೆಯ ಮೂರು ನಿಮಿಷ ಒಬ್ಬ ಹುಡುಗನ ಬಾಳನ್ನು ತಿರುಗಿಸಿತು. ಆ ಅಂಗಡಿಯಾತ ‘ಕೊಳ್ಳದೆ ಕೇಳುವವರು ಆಚೆ ನಡೆಯಿರಿ’ ಎಂದಿದ್ದರೆ ನಮಗಾಗುತ್ತಿದ್ದ ನಷ್ಟವನ್ನು ಯಾರು ತುಂಬುತ್ತಿದ್ದರು?

ಪಿ. ಕಾಳಿಂಗರಾಯರ ತಟ್ಟೆಗಳಂತೂ ಹೊರನಾಡಿನ ಕನ್ನಡ ಮನೆಗಳಿಗೆ ಬಂಧುಗಳಿದ್ದಂತೆ. ಪುಸ್ತಕದಲ್ಲಿದ್ದ ಕವಿತೆಯನ್ನು ಅವರು ಮೋಹನ್‌ಕುಮಾರಿ, ಸೋಹನ್‌ಕುಮಾರಿಯರೊಡನೆ ಹಾಡಿ ಮನೆಯೊಳಕ್ಕೆ ತಂದರು. ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಹಿಂದಿ. ಅಮ್ಮ ಗದರಿಸುವ ಮಾತಿನಲ್ಲಿ ಮಾತ್ರ ಕನ್ನಡ ಎನ್ನುವಂಥ ಮನೆಗಳಲ್ಲಿ, ಗದರದ ಕನ್ನಡವನ್ನು ಮಕ್ಕಳು ಮೊದಲು ಕೇಳಿದ್ದು ಆ ತಟ್ಟೆಗಳಿಂದ. ಓದಲು ಬರೆಯಲು ಬಾರದ ಮಗುವಿಗೂ ಹಾಡು ಬಾಯಿಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಭಾಷೆ ಉಳಿದದ್ದು ಹಾಗೆ.

ಎರಡನೆಯ ಸುಖ ಹುಡುಕುವುದರದು. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟು, ಪುಣೆಯ ಜೂನಾ ಬಜಾರು, ಬೆಂಗಳೂರಿನ ಭಾನುವಾರದ ಸಂತೆ ಇವೆಲ್ಲ ಈ ಪಂಥದವರ ಕ್ಷೇತ್ರಗಳು. ಚೆನ್ನೈಯ ಮೂರ್ ಮಾರ್ಕೆಟ್ಟೂ ಹಾಗೆಯೇ ಇತ್ತು. ೧೯೮೫ರಲ್ಲಿ ಬೆಂಕಿಗೆ ಆಹುತಿಯಾಯಿತು. ಮುಂಬಯಿಯ ಕಾಳಾ ಘೋಡಾದ ರಿದಮ್ ಹೌಸ್ ಅಂಗಡಿಯೂ ೨೦೧೬ರಲ್ಲಿ ಬಾಗಿಲು ಹಾಕಿತು. ಇಂಥ ಸಂತೆಗೆ ಹೋಗುವವನು ಮೊದಲು ಮುಖಭಾವವನ್ನು ಕಲಿಯಬೇಕು. ಕಟ್ಟಿನ ನಡುವೆ ಬೇಕಾದದ್ದು ಕಂಡರೂ ಕಾಣದವನಂತೆ, ಬೇಡವಾದ ನಾಲ್ಕನ್ನು ಎತ್ತಿ ಮೂಸಿ ನೋಡಿ, ಹೊರಟವನು ಮತ್ತೆ ತಿರುಗಿ ‘ಇದೆಷ್ಟು?’ ಎಂದು ಅಸಡ್ಡೆಯಿಂದ ಕೇಳಬೇಕು. ಅಂಗಡಿಯಾತನೂ ನಮಗಿಂತ ದೊಡ್ಡ ನಟ. ಅವನು ನಮ್ಮ ಕಣ್ಣನ್ನು ನೋಡುತ್ತಾನೆಯೇ ಹೊರತು ತಟ್ಟೆಯನ್ನಲ್ಲ.

ಇಲ್ಲಿ ಕನ್ನಡಿಗನಿಗೆ ಒಂದು ಅನುಕೂಲವುಂಟು. ಮುಂಬಯಿಯ ಗುಜರಿಯವನಿಗೆ ವಿಂಧ್ಯದ ಕೆಳಗಿನದೆಲ್ಲ ಒಂದೇ ಕಟ್ಟು: ‘ಮದ್ರಾಸಿ’. ಹಳೆಯ ಹಿಂದೀ ಸಿನಿಮಾದ ತಟ್ಟೆಗೆ ಬಾಯಿಗೆ ಬಂದ ಬೆಲೆ ಹೇಳುವವನು ಈ ಕಟ್ಟನ್ನು ಕಾಲಿನಿಂದ ನಮ್ಮ ಕಡೆ ತಳ್ಳುತ್ತಾನೆ. ಅದರಲ್ಲಿ ತಮಿಳು ತೆಲುಗುಗಳ ನಡುವೆ ಬೆಂಗಳೂರು ನಾಗರತ್ನಮ್ಮನವರು, ಪಿಟೀಲು ಚೌಡಯ್ಯನವರು, ಮಲ್ಲಿಕಾರ್ಜುನ ಮನಸೂರರು ಧೂಳು ಹಿಡಿದು ಕುಳಿತಿರಬಹುದು. ಕನ್ನಡ ಓದಬಲ್ಲವನಿಗೆ ಅಗ್ಗದಲ್ಲಿ ಸಿಕ್ಕಿದ್ದು ಲಾಭವೇ. ಆದರೆ ಈ ಲಾಭದ ಹಿಂದೆಯೇ ಒಂದು ಭಯವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೂರನೆಯ ಸುಖ ಕೇಳುವ ರೀತಿಯದು. ಒಂದು ಗಂಟೆ ಸಂಗೀತ ಕೇಳಬೇಕಾದರೆ ಅರಗಿನ ತಟ್ಟೆಯ ಮುಂದೆ ಇಪ್ಪತ್ತು ಸಲ ಏಳಬೇಕು. ತಟ್ಟೆ ಮಗುಚಬೇಕು, ಕೀಲಿ ಕೊಡಬೇಕು, ಮುಳ್ಳು ಬದಲಾಯಿಸಬೇಕು. ಇಷ್ಟು ಕಷ್ಟಪಟ್ಟು ಹಾಕಿದ ಹಾಡನ್ನು ಯಾರೂ ಅಸಡ್ಡೆಯಿಂದ ಕೇಳುವುದಿಲ್ಲ. ಈಗ ಕೈಯಲ್ಲಿನ ಫೋನನ್ನು ಮುಟ್ಟಿದರೆ ಲೋಕದ ಹಾಡೆಲ್ಲ ಸುರಿಯುತ್ತದೆ; ಸುರಿಯುತ್ತಿರುವಾಗಲೇ ನಾವು ತರಕಾರಿ ಹೆಚ್ಚುತ್ತೇವೆ, ಲೆಕ್ಕ ಬರೆಯುತ್ತೇವೆ, ನೆರೆಯವರ ಸುದ್ದಿ ಮಾತಾಡುತ್ತೇವೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ತರಕಾರಿಯೂ ಹೆಚ್ಚಲೇಬೇಕು. ಆದರೆ ಮೂರು ನಿಮಿಷದಲ್ಲಿ ಒಂದು ರಾಗದ ರೂಪವನ್ನೆಲ್ಲ ತೋರಿಸಬೇಕೆಂದು ಹಾಡಿದವರು ಪಟ್ಟ ಶ್ರಮಕ್ಕೆ ಮೂರು ನಿಮಿಷ ಕೈಕಟ್ಟಿ ಕುಳಿತುಕೊಳ್ಳುವುದು ನಾವು ಸಲ್ಲಿಸುವ ಸಣ್ಣ ಮರ್ಯಾದೆ.

ಸುಖದ ಪಟ್ಟಿ ಇಲ್ಲಿಗೆ ಮುಗಿಯಿತು. ಇನ್ನು ದುಃಖದ್ದು, ಇದು ಸ್ವಲ್ಪ ಉದ್ದ.

ಮೊದಲ ದುಃಖ ಜಾಗದ್ದು. ನೂರು ಅರಗಿನ ತಟ್ಟೆಗಳೆಂದರೆ ಸುಮಾರು ಇಪ್ಪತ್ತು ಕಿಲೋ ಭಾರ. ಊರಿನ ತೊಟ್ಟಿಮನೆಯಲ್ಲಾದರೆ ಒಂದು ಕೋಣೆಯನ್ನೇ ಬಿಡಬಹುದು. ಒಂದು ಹಾಲು, ಒಂದು ಅಡಿಗೆಮನೆಯ ಸಂಸಾರದಲ್ಲಿ ಅಟ್ಟದ ಮೇಲಿನ ಎರಡಡಿ ಜಾಗಕ್ಕೆ ಉಪ್ಪಿನಕಾಯಿಯ ಜಾಡಿಗೂ ಸಂಗೀತಕ್ಕೂ ಯುದ್ಧ ನಡೆಯುತ್ತದೆ. ಆ ಯುದ್ಧದಲ್ಲಿ ನ್ಯಾಯ ಜಾಡಿಯ ಕಡೆಗೇ ಇದೆಯೆಂದು ಒಪ್ಪಬೇಕು. ಅದೂ ಅಲ್ಲದೆ ಅಟ್ಟದ ಬಿಸಿಗೆ ಎಲ್.ಪಿ. ತಟ್ಟೆ ದೋಸೆಯ ಹಾಗೆ ಡೊಂಕಾಗುತ್ತದೆ. ಒಂದರ ಮೇಲೊಂದು ಮಲಗಿಸಿದರೂ ಕೆಡುತ್ತದೆ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಅರಗಿನದಂತೂ ಕೈತಪ್ಪಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ವರ್ಗವಾಗುವ ನೌಕರಿಯವರ ಮನೆಯಲ್ಲಿ ಪ್ರತಿ ಊರಿನಲ್ಲಿಯೂ ನಾಲ್ಕು ಗೆಳೆಯರನ್ನೂ ನಾಲ್ಕು ತಟ್ಟೆಗಳನ್ನೂ ಬಿಟ್ಟು ಬರಬೇಕಾಗುತ್ತದೆ.

ಎರಡನೆಯದು ಮಳೆಗಾಲದ್ದು. ಜೂನಿನಿಂದ ಸೆಪ್ಟೆಂಬರಿನ ತನಕ ಮುಂಬಯಿಯಲ್ಲಿ ಚಪ್ಪಲಿಗೆ ಹಿಡಿಯುವ ಬೂಷ್ಟು ತಟ್ಟೆಗೂ ಹಿಡಿಯುತ್ತದೆ. ಅದನ್ನು ಒರೆಸುವುದರಲ್ಲಿಯೇ ಅಪಾಯ. ಸ್ಪಿರಿಟ್ಟಿನಿಂದ ಒರೆಸಿದರೆ ಚೆನ್ನಾಗಿ ಹೊಳೆಯುತ್ತದೆಂದು ಯಾರೋ ಹೇಳುತ್ತಾರೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ಪದಾರ್ಥ. ಬಡಗಿ ಮರಕ್ಕೆ ಮೆರುಗು ಕೊಡುವುದೂ ಅದನ್ನು ಹಾಗೆ ಕರಗಿಸಿಯೇ. ಒರೆಸಿದೊಡನೆ ಬೂಷ್ಟಿನ ಜೊತೆಗೆ ಹಾಡೂ ಬಟ್ಟೆಗೆ ಬರುತ್ತದೆ. ಅರಗಿನ ತಟ್ಟೆಯನ್ನು ನಡುವಿನ ಕಾಗದ ನೆನೆಯದಂತೆ, ಮೆತ್ತನೆಯ ಬಟ್ಟೆಯಲ್ಲಿ, ತಣ್ಣೀರಿಗೆ ಒಂದೆರಡು ಹನಿ ಸೌಮ್ಯ ಸಾಬೂನು ಬೆರೆಸಿ ಒರೆಸಿ, ಕೂಡಲೆ ಒಣಗಿಸಬೇಕು. ಮುರಿದ ಅಂಚಿದ್ದರೆ ಅಲ್ಲಿಗೆ ನೀರು ತಾಗಿಸಬಾರದು.

ಮೂರನೆಯದು ಯಂತ್ರದ್ದು. ಹಿತ್ತಾಳೆಯ ಹೊಳೆಯುವ ಕಹಳೆ, ಹೊಸ ಮರದ ಪೆಟ್ಟಿಗೆ, ನಾಯಿಯ ಚಿತ್ರ ಇಷ್ಟನ್ನು ಜೋಡಿಸಿ ‘ನೂರು ವರ್ಷದ ಹಳೆಯದು ಸಾಹೇಬ’ ಎಂದು ಮಾರುವ ಗ್ರಾಮಫೋನುಗಳು ಸಂತೆಯಲ್ಲಿ ಬೇಕಾದಷ್ಟಿವೆ. ನನ್ನ ಪರಿಚಿತರೊಬ್ಬರು ಹಾಗೆ ಒಂದನ್ನು ತಂದರು. ನೋಡಲು ಬಲು ಅಂದ. ತಟ್ಟೆ ಹಾಕಿದರೆ ಮಾತ್ರ ಗಾಯಕ ಬಾವಿಗೆ ಬಿದ್ದು ಕೂಗುತ್ತಿರುವಂತೆ ಕೇಳುತ್ತಿತ್ತು. ಎರಡು ತಿಂಗಳಲ್ಲಿ ಹತ್ತು ಒಳ್ಳೆಯ ತಟ್ಟೆಗಳನ್ನು ಉತ್ತು ಹಾಕಿತು. ಈಗ ಅದರ ಮೇಲೆ ಹೂವಿನ ಕುಂಡವಿದೆ. ನಿಜವಾದ ಹಳೆಯ ಯಂತ್ರವೇ ಆದರೂ ಅದರಲ್ಲಿ ಎಲ್.ಪಿ. ತಟ್ಟೆಯನ್ನು ಹಾಕಲೇಬಾರದು, ಅದರ ಉಕ್ಕಿನ ಮುಳ್ಳು ಮೆತ್ತನೆಯ ವಿನೈಲನ್ನು ಹರಿದುಹಾಕುತ್ತದೆ. ಅರಗಿನ ತಟ್ಟೆಯ ಗೀರಿಗೆ ಒಂದು ಅಂಗುಲದ ಸಾವಿರದ ಮೂರು ಭಾಗದಷ್ಟು ದಪ್ಪದ ಮೊನೆ ಬೇಕು, ಎಲ್.ಪಿ.ಗೆ ಸಾವಿರದ ಒಂದು ಭಾಗ ಇಲ್ಲವೆ ಇನ್ನೂ ಸಣ್ಣದು. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಹಾಡಿಗಿಂತ ಗೊರಗೊರ ಹೆಚ್ಚು. ಕೀಲಿ ಕೊಡುವ ಯಂತ್ರದ ಉಕ್ಕಿನ ಮುಳ್ಳನ್ನಂತೂ ಪ್ರತಿ ಮುಖಕ್ಕೂ ಬದಲಾಯಿಸಬೇಕು. ‘ಮುಳ್ಳಿನ ಖರ್ಚಿಗೆ ಮಲ್ಲಿಗೆ ಹೂವು ಬರುತ್ತಿತ್ತು’ ಎಂದು ನಮ್ಮ ಮನೆಯಲ್ಲಿ ಒಂದು ಗಾದೆಯೇ ಆಗಿದೆ.

ಇವೆಲ್ಲ ಹಣದಿಂದಲೋ ಎಚ್ಚರದಿಂದಲೋ ಪರಿಹಾರವಾಗುವ ದುಃಖಗಳು. ನಾಲ್ಕನೆಯದು ಮನಸ್ಸಿನದು. ಸಂಗ್ರಹ ಬೆಳೆದಂತೆ ಕೇಳುವುದು ಕಡಿಮೆಯಾಗುತ್ತದೆ. ಕೇಳಲೆಂದು ತರುತ್ತಿದ್ದವನು ಇಡಲೆಂದು ತರತೊಡಗುತ್ತಾನೆ. ಸವೆದೀತೆಂದು ಹಾಕುವುದಿಲ್ಲ, ಒಡೆದೀತೆಂದು ಕೊಡುವುದಿಲ್ಲ, ಬೆರಳಚ್ಚು ಬಿದ್ದೀತೆಂದು ಮನೆಯವರನ್ನು ಹತ್ತಿರ ಬಿಡುವುದಿಲ್ಲ. ಕೊನೆಗೆ ಅವನು ನಿಧಿಯ ಮೇಲೆ ಕುಳಿತ ಸರ್ಪದಂತಾಗುತ್ತಾನೆ. ಸರ್ಪಕ್ಕೆ ಚಿನ್ನದಿಂದ ಏನು ಪ್ರಯೋಜನ?

ಕೆಲವು ವರ್ಷಗಳ ಕೆಳಗೆ ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡರು. ರಸಿಕರು, ಸಜ್ಜನರು, ನಲವತ್ತು ವರ್ಷ ಸಂಬಳದಲ್ಲಿ ಉಳಿಸಿ ಉಳಿಸಿ ಆರುನೂರಕ್ಕೂ ಮೀರಿ ತಟ್ಟೆ ಕೂಡಿಸಿದ್ದರು. ಮಗ ದೂರದೇಶದಲ್ಲಿ. ಕಟ್ಟಡ ಕೆಡವುವ ನೋಟೀಸು ಬಂದಾಗ ಅವರ ಹೆಂಡತಿ ಗುಜರಿಯವನನ್ನು ಕರೆಸಿದರು. ಅವನು ತಟ್ಟೆಯನ್ನು ಬೆರಳಿನಿಂದ ಮೀಟಿ ನೋಡಿ, ಇದು ಕಬ್ಬಿಣವಲ್ಲ, ಪ್ಲಾಸ್ಟಿಕ್ಕಲ್ಲ, ಕಾಗದವೂ ಅಲ್ಲ, ನನಗೆ ಬೇಡವೆಂದ. ಮೇಲಿನ ಕಾಗದದ ಚೀಲಗಳನ್ನು ಬೇಕಾದರೆ ತೂಕಕ್ಕೆ ಒಯ್ಯುತ್ತೇನೆ ಎಂದು ಒಂದು ಕಟ್ಟಿನಷ್ಟು ಬಿಚ್ಚಿ ಒಯ್ದ. ಬೆತ್ತಲೆ ತಟ್ಟೆಗಳು ನೆಲದ ಮೇಲೆ ಉಳಿದವು. ಆಗ ಆಕೆ ನನಗೆ ಫೋನು ಮಾಡಿದರು.

ನಾನೂ ಬಳಗದ ಇಬ್ಬರು ಎಳೆಯರೂ ಹೋದೆವು. ಪಟ್ಟಿ ಬರೆಯಲು ಮೂರು ಭಾನುವಾರ ಹಿಡಿಯಿತು. ಎರಡನೆಯ ಭಾನುವಾರ ಆಕೆ ಕಾಫಿ ತಂದಿಟ್ಟು, ಬಾಗಿಲ ಬಳಿ ನಿಂತು, ‘ಇದನ್ನು ಹಾಕುವುದು ಹೇಗೆ?’ ಎಂದು ಕೇಳಿದರು. ನಾವು ದಂಗಾದೆವು. ನಲವತ್ತು ವರ್ಷ ಆ ಯಂತ್ರದ ಧೂಳು ಒರೆಸಿದವರು ಅವರು. ಒಂದು ದಿನವೂ ಅದರ ಮೇಲೆ ತಟ್ಟೆ ಇಟ್ಟಿರಲಿಲ್ಲ, ಇಡಲು ಬಿಟ್ಟಿರಲಿಲ್ಲ. ಬೆಳಿಗ್ಗೆ ಯಾವ ಹಾಡು, ಸಂಜೆ ಯಾವ ಹಾಡು ಎಲ್ಲವೂ ಯಜಮಾನರ ಇಚ್ಛೆ. ತಮಗೊಂದು ಹಾಡು ಬೇಕೆಂದು ಹೇಳುವ ಅಭ್ಯಾಸವೇ ಅವರಿಗಿರಲಿಲ್ಲ. ನಮ್ಮ ಜೊತೆಗಿದ್ದ ಹುಡುಗಿ ಅವರ ಕೈಹಿಡಿದು ಮುಳ್ಳನ್ನು ಅಂಚಿನ ಮೇಲೆ ಇಳಿಸುವುದನ್ನು ತೋರಿಸಿದಳು. ಮೊದಲ ಸಲ ಕೈ ನಡುಗಿ ಮುಳ್ಳು ಜಾರಿತು. ಎರಡನೆಯ ಸಲ ಕೂತಿತು. ಆಕೆ ಆರಿಸಿಕೊಂಡದ್ದು ಕಾಳಿಂಗರಾಯರದು. ಹಾಡು ಮುಗಿಯುವ ತನಕ ನಿಂತೇ ಕೇಳಿದರು. ಮುಗಿದ ಮೇಲೆ ಯಾರನ್ನೂ ಕೇಳದೆ ತಾವೇ ತಟ್ಟೆ ಮಗುಚಿದರು. ಹೊಸ ಮನೆಗೆ ಹೋಗುವಾಗ ಅವರು ಒಯ್ದದ್ದು ಮೂವತ್ತು ತಟ್ಟೆಗಳನ್ನು, ಮತ್ತು ಯಂತ್ರವನ್ನು. ಉಳಿದವನ್ನು ಕೇಳುವವರಿಗೆ ಹಂಚಿದೆವು.

ಆ ಹಿರಿಯರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಅವರು ಕೂಡಿಸದಿದ್ದರೆ ಆ ತಟ್ಟೆಗಳು ಉಳಿಯುತ್ತಲೇ ಇರಲಿಲ್ಲ. ಆದರೆ ಆ ಮನೆಯಲ್ಲಿ ಆರುನೂರು ತಟ್ಟೆಗಳಿದ್ದರೂ ಕೇಳುವವರು ಒಬ್ಬರೇ ಆಗಿದ್ದರು; ಆ ಒಬ್ಬರು ಹೋದೊಡನೆ ಆರುನೂರೂ ಕಸವಾಯಿತು. ಸಂಗ್ರಾಹಕ ಮಿತ್ರರು ಇದನ್ನು ಯೋಚಿಸಬೇಕು.

ಈಗ ಆಗಲೇ ಹೇಳಿದ ಭಯದ ಮಾತು. ಮುಂಬಯಿಯ ಗುಜರಿಯವನಿಗೆ ಕನ್ನಡ ಓದಲು ಬಾರದೆ ನಮಗೆ ಅಗ್ಗದಲ್ಲಿ ಸಿಕ್ಕಿದ್ದು ಲಾಭವೆಂದೆನಷ್ಟೆ. ಅದೇ ಕಾರಣದಿಂದ, ನಾವು ಹೋಗದ ದಿನ ಅದು ಕಸದ ಗಾಡಿಗೂ ಹೋಗುತ್ತದೆ. ಹಿಂದೀ ತಟ್ಟೆಗೆ ಗಿರಾಕಿಗಳು ಸಾವಿರ. ಒಂದು ಒಡೆದರೆ ಇನ್ನೊಂದು ಎಲ್ಲಿಯಾದರೂ ಇದ್ದೀತು. ಕನ್ನಡದ ತಟ್ಟೆಗಳು ಅಚ್ಚಾದದ್ದೇ ಕಡಿಮೆ. ನಮ್ಮ ಅಟ್ಟದಲ್ಲಿರುವುದು ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದಾಗಿರಬಹುದು. ಅದನ್ನು ಗುರುತಿಸಬಲ್ಲವರು ಈ ಊರುಗಳಲ್ಲಿ ನಾವೇ. ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬಾರದಿದ್ದರೆ ಆಮೇಲೆ ಅದೂ ಇಲ್ಲ.

ಆದುದರಿಂದ ಮನೆ ಬದಲಾಯಿಸುವ ಓದುಗರಲ್ಲಿ ನನ್ನ ನಾಲ್ಕು ಬಿನ್ನಹಗಳು. ಒಂದು: ಎಸೆಯುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆಯಿರಿ. ಹಾಡಿದವರು, ಹಾಡು, ಕಂಪೆನಿ, ನಡುವಿನ ಕಾಗದದ ಮೇಲಿನ ಸಂಖ್ಯೆ. ಅದರ ಸುತ್ತಿನ ನುಣುಪು ಭಾಗದಲ್ಲಿ ಕೊರೆದ ಸಂಖ್ಯೆಯಿದ್ದರೆ ಅದನ್ನೂ ಬರೆಯಿರಿ. ಭಾಷೆ ತಿಳಿಯದಿದ್ದರೆ, ಹಲವು ಹಳೆಯ ತಟ್ಟೆಗಳ ಮೇಲೆ ಕನ್ನಡಕ್ಕೆ ‘ಕೆನರೀಸ್’ ಎಂದು ಇಂಗ್ಲಿಷಿನಲ್ಲಿ ಹಾಕಿರುತ್ತಾರೆಂಬುದು ನೆನಪಿರಲಿ. ಎರಡು: ಪ್ರತಿ ಮಾಡಿಸಿರಿ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ ೬೦ ವರ್ಷ ಇರುತ್ತದೆ. ಅರಗಿನ ತಟ್ಟೆಗಳಲ್ಲಿ ಬಹುಪಾಲು ಅದನ್ನು ದಾಟಿವೆ. ಕವಿಯ ಮತ್ತು ಸಂಗೀತ ಕಟ್ಟಿದವರ ಹಕ್ಕು ಬೇರೆ. ಅದು ಅವರ ಕಾಲಾನಂತರ ೬೦ ವರ್ಷ ನಡೆಯುತ್ತದೆ. ಮನೆಯಲ್ಲಿ ಕೇಳಲು ತೊಡಕಿಲ್ಲ; ಊರಿಗೆ ಹಂಚುವ ಮೊದಲು ವಿಚಾರಿಸಿಕೊಳ್ಳಿರಿ. ಮೂರು: ತಿಳಿದವರನ್ನು ಕೇಳಿರಿ. ೧೯೯೦ರಲ್ಲಿ ಮುಂಬಯಿಯಲ್ಲಿಯೇ ಭಾರತೀಯ ತಟ್ಟೆಗಳ ಸಂಗ್ರಾಹಕರು ಒಂದು ಸಂಘ ಕಟ್ಟಿಕೊಂಡು, ಮರೆತುಹೋದ ಎಷ್ಟೋ ಗಾಯಕರ ವಿವರವನ್ನು ಬೆಳಕಿಗೆ ತಂದರು. ಇಂಥ ಕೆಲಸ ಮಾಡುವವರಿದ್ದಾರೆ. ನಾವು ಅವರ ಕೈಗೆ ತಲುಪಿಸಬೇಕಷ್ಟೆ. ನಾಲ್ಕು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ಯಂತ್ರ ಹಾಕುವುದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಕಲಿಸಿರಿ. ಹೆಂಡತಿಗೆ ಕಲಿಸಿರಿ, ಸೊಸೆಗೆ ಕಲಿಸಿರಿ, ಹತ್ತು ವರ್ಷದ ಮೊಮ್ಮಗನಿಗೆ ಕಲಿಸಿರಿ. ಒಂದೆರಡು ತಟ್ಟೆ ಒಡೆದಾವು, ಒಡೆಯಲಿ.

ನಮ್ಮ ಸಂಘದ ಸಭಾಂಗಣದಲ್ಲಿ ಮುಂದಿನ ಮೂರು ತಿಂಗಳಲ್ಲಿ ಯಾವುದಾದರೂ ಒಂದು ಭಾನುವಾರ ಸಂಜೆ ‘ತಟ್ಟೆ ಕೇಳುವ ಕೂಟ’ ನಡೆಸಬಹುದೆಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಂಡಿದ್ದೇನೆ. ಸರಿಯಾದ ಮೊನೆಯಿರುವ ಯಂತ್ರವನ್ನು ಒದಗಿಸುವುದು ನನ್ನ ಪಾಲು. ಪ್ರತಿ ಮನೆಯವರೂ ಒಂದೊಂದು ತಟ್ಟೆ ತರಬೇಕು. ಅದನ್ನು ಮನೆಗೆ ತಂದವರು ಯಾರು, ಯಾವ ಊರಿನಿಂದ ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಭಾಷಣವಿಲ್ಲ, ಹಾರ ತುರಾಯಿಗಳಿಲ್ಲ. ಉಪ್ಪಿಟ್ಟು ಕಾಫಿ ಉಂಟು. ಉಪ್ಪಿಟ್ಟಿನ ತಟ್ಟೆಯನ್ನೂ ಹಾಡಿನ ತಟ್ಟೆಯನ್ನೂ ಒಂದೇ ಮೇಜಿನ ಮೇಲೆ ಇಡಬಾರದೆಂಬ ಒಂದು ನಿಯಮವನ್ನು ಮಾತ್ರ ಎಲ್ಲರೂ ಪಾಲಿಸಬೇಕು. ಬರುವವರು ಸಂಘದ ಕಚೇರಿಗೆ ಒಂದು ಕಾಗದ ಬರೆದು ತಿಳಿಸಿದರೆ, ರವೆ ಎಷ್ಟು ತರಿಸಬೇಕೆಂಬುದು ಗೊತ್ತಾಗುತ್ತದೆ.